ಹೆಬ್ಬೆರಳಿನ ಕರಿ ದಾರ

ಬಟ್ಟಿ ಅಂತ ಒಂದು ವಸ್ತುವೇ ಮನುಷ್ಯರ ಹೊಟ್ಟೆಯಲ್ಲಿ ಇಲ್ಲ. ಇದನ್ನು ನಾನು ಇಪ್ಪತ್ತನೆಯ ವಯಸ್ಸಿನಲ್ಲಿ, ನರ್ಸಿಂಗ್ ತರಬೇತಿಗೆ ಸೇರಿದ ಮೇಲೆ ಕಲಿತೆ. ಕಲಿತದ್ದು ಸುಳ್ಳಲ್ಲ. ಆದರೆ ಆ ಸತ್ಯವನ್ನು ಯಾರ ಎದುರಿಗೆ ಹೇಳಬಾರದೋ ಅವರ ಎದುರಿಗೇ ಹೇಳಿ ಒಬ್ಬ ಹೆಣ್ಣುಮಗಳ ಒಂಬತ್ತು ದಿನ ಕಸಿದುಕೊಂಡೆ. ಐವತ್ತು ವರ್ಷವಾಗುತ್ತ ಬಂತು, ಸಿಟ್ಟು ಇನ್ನೂ ಆರಿಲ್ಲ. ಅರ್ಧ ಸಿಟ್ಟು ನನ್ನ ಮೇಲೆ. ಉಳಿದರ್ಧ ಯಾರ ಮೇಲೆ ಎಂಬುದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ನಮ್ಮ ಕಡೆಯವರಿಗೆ ಬಟ್ಟಿ ಅಂದರೆ ಏನೆಂದು ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಹೊಕ್ಕುಳಿನ ಹಿಂದೆ ನಾಡಿಯ ಹಾಗೆ ಬಡಿಯುವ ಗಂಟೊಂದು ಇದೆಯಂತೆ. ಭಾರ ಎತ್ತಿದರೆ, ಕಾಲು ಜಾರಿದರೆ ಅದು ಜಾಗ ಬಿಟ್ಟು ಸರಿಯುತ್ತದಂತೆ. ಆಗ ಊಟ ಸೇರುವುದಿಲ್ಲ, ಸೊಂಟ ಹಿಡಿಯುತ್ತದೆ, ಕೈಕಾಲು ಸೋಲುತ್ತವೆ, ಸುಮ್ಮಸುಮ್ಮನೆ ಅಳು ಬರುತ್ತದೆ. ಅದಕ್ಕೆ 'ಬಟ್ಟಿ ಬಿದ್ದೈತಿ' ಎನ್ನುತ್ತಾರೆ. ಬಿದ್ದ ಬಟ್ಟಿಯನ್ನು ತಿಕ್ಕಿ ಜಾಗಕ್ಕೆ ತರುವವಳು ಬೇಕು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಗಳಲ್ಲಿ ಆ ಕೆಲಸಕ್ಕೆ ಹೆಸರಾದವಳು ನಮ್ಮ ಅವ್ವ.

ಊರಿಗೆ ಆಗ ಬಿಜಾಪುರ ಅಂತಲೇ ಹೆಸರು. ನಮ್ಮದು ಹಳೆಯ ಮನೆ, ಮುಂದೆ ಉದ್ದನೆಯ ಪಡಸಾಲೆ, ಅದರ ಮೂಲೆಗೆ ಒಂದು ಕತ್ತಲೆಯ ಸಣ್ಣ ಕೋಣೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಹೆಂಗಸರು ಬರುತ್ತಿದ್ದರು. ಪೇಟೆಯ ಅಂಗಡಿಕಾರರ ಮನೆಯವರು, ಇಟ್ಟಂಗಿಹಾಳ, ಭೂತನಾಳದಿಂದ ನಡೆದು ಬರುವವರು, ತಿಕೋಟಾ ಬಬಲೇಶ್ವರಗಳಿಂದ ಬಸ್ಸಿಗೆ ಬರುವವರು. ಮುಸಲ್ಮಾನರ ಮನೆಯ ಹೆಂಗಸರು ಬುರ್ಖಾ ತೆಗೆದು ಗೂಟಕ್ಕೆ ಹಾಕಿ, 'ಉಸ್' ಎಂದು ಚಾಪೆಯ ಮೇಲೆ ಕೂರುತ್ತಿದ್ದರು. ಅವರು ಬಂದರೆಂದರೆ ಅಪ್ಪ ಪೇಪರು ಮಡಚಿಕೊಂಡು ಹೊರಗಿನ ಕಟ್ಟೆಗೆ ಹೋಗುತ್ತಿದ್ದ. ಅವ್ವ ಇದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಂಡರೆ ಕೈಗುಣ ಹೋಗುತ್ತದೆ ಎಂದು ಅವಳ ನಂಬಿಕೆ.

ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ಬಂದವಳನ್ನು ಅಂಗಾತ ಮಲಗಿಸಿ ಹೊಕ್ಕುಳ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಬೆಚ್ಚಗೆ ಕಾಸಿದ ಔಡಲೆಣ್ಣೆ ಹಚ್ಚಿ, ಹೊಟ್ಟೆಯನ್ನು ಸುತ್ತಲಿನಿಂದ ನಡುವಿಗೆ ತಿಕ್ಕುವುದು. ತಿಕ್ಕುತ್ತಿರುವಾಗ ಅವಳು ಮಾತಾಡುವುದು ಕಡಿಮೆ, ಮಲಗಿದವಳು ಹೇಳುವುದು ಹೆಚ್ಚು. ಕೊನೆಗೆ ಹೊಕ್ಕುಳ ಮೇಲೆ ಹಿಟ್ಟಿನ ಪುಟ್ಟ ಹಣತೆಯಿಟ್ಟು, ಬತ್ತಿ ಹಚ್ಚಿ, ಮೇಲೆ ತಂಬಿಗೆ ಬೋರಲು ಹಾಕಿದರೆ ಅದು ಹೊಟ್ಟೆಯ ಚರ್ಮವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ತಂಬಿಗೆ ಬಿಡಿಸಿದ ಮೇಲೆ ಎರಡೂ ಕಾಲಿನ ಹೆಬ್ಬೆರಳಿಗೆ ಕರಿ ದಾರ ಕಟ್ಟುವುದು.

ದಾರ ಕಟ್ಟುವಾಗ ಮಾತ್ರ ಜೊತೆಗೆ ಬಂದ ಅತ್ತೆಯನ್ನೋ ನಾದಿನಿಯನ್ನೋ ಅವ್ವ ಒಳಗೆ ಕರೆಯುತ್ತಿದ್ದಳು. "ನೋಡ್ರಿ, ದಾರ ಇರೂತನಕ ಈಕಿ ಕೊಡ ಎತ್ತಬಾರದು, ಬೀಸಬಾರದು, ಬಗ್ಗಿ ಕಸಾ ಹೊಡೀಬಾರದು. ಬಿಸಿ ರೊಟ್ಟಿ, ತುಪ್ಪ ಹಾಕಿ ಕೊಡ್ರಿ. ತಪ್ಪಿದ್ರ ಬಟ್ಟಿ ಮತ್ತ ಬೀಳತೈತಿ, ಮುಂದ ಮಕ್ಕಳಾಗೂದು ಕಷ್ಟ," ಎನ್ನುತ್ತಿದ್ದಳು. ಒಬ್ಬಳಿಗೆ ಮೂರು ದಿನ, ಒಬ್ಬಳಿಗೆ ಐದು ದಿನ, ಯಾವಾಗಲೋ ಒಮ್ಮೆ ಒಬ್ಬಳಿಗೆ ಒಂಬತ್ತು ದಿನ. ಸುತ್ತಲಿನ ಊರುಗಳಲ್ಲೆಲ್ಲ ಆ ದಾರಕ್ಕೆ ಬೆಲೆಯಿತ್ತು. ಹೆಬ್ಬೆರಳಿಗೆ ದಾರ ಕಟ್ಟಿಕೊಂಡ ಸೊಸೆಗೆ ಯಾವ ಅತ್ತೆಯೂ ಕೊಡ ಹೊರಿಸುತ್ತಿರಲಿಲ್ಲ. ಊರು ನೋಡುತ್ತದಲ್ಲ, ಅದಕ್ಕೆ.

ಮೊನ್ನೆ ಒಂದು ಸಭೆಗೆ ನನ್ನನ್ನು ಕರೆದಿದ್ದರು. ದೇಹ ಮತ್ತು ಮನಸ್ಸಿನ ಸಮಗ್ರ ಆರೋಗ್ಯದ ಬಗ್ಗೆ ಉಪನ್ಯಾಸ. ನಿವೃತ್ತಳಾದ ಹಿರಿಯ ನರ್ಸ್ ಎಂದು ನನಗೆ ಮುಂದಿನ ಸಾಲಿನ ಕುರ್ಚಿ. ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡ ಹುಡುಗನೊಬ್ಬ ಮೈಕು ಹಿಡಿದು, "ದಿನಕ್ಕೆ ಒಂದು ಗಂಟೆ ನಿಮಗಾಗಿಯೇ ಇಟ್ಟುಕೊಳ್ಳಿ. ಉಸಿರನ್ನು ಗಮನಿಸಿ. ಒತ್ತಡವನ್ನು ಬಿಟ್ಟುಬಿಡಿ," ಎಂದ. ನನ್ನ ಪಕ್ಕ ಕೂತವಳು ಎರಡು ಸಲ ಗಡಿಯಾರ ನೋಡಿಕೊಂಡಳು. ನಾನು ಎದ್ದು, "ಆ ಒಂದು ಗಂಟೆ ಯಾರ ಹತ್ತಿರ ಇಸಿದುಕೊಳ್ಳಬೇಕಪ್ಪಾ?" ಎಂದು ಕೇಳಿದೆ. ಒಳ್ಳೆಯ ಪ್ರಶ್ನೆ ಎಂದು ಮೆಚ್ಚಿ ಅವನು ಮುಂದಿನ ಚಿತ್ರ ತೋರಿಸಿದ. ಮನೆಗೆ ಬಂದು ಬರೆಯಲು ಕೂತದ್ದು ಆ ಸಿಟ್ಟಿಗೆ.

ಆದರೆ ಅವ್ವನನ್ನು ದೇವತೆ ಮಾಡಿ ಕೂರಿಸಲು ನನಗೆ ಇಷ್ಟವಿಲ್ಲ. ನಾನು ತರಬೇತಿಗೆ ಸೇರುವ ಮುಂಚಿನ ವರ್ಷ ಇಟ್ಟಂಗಿಹಾಳದ ಹುಡುಗಿಯೊಬ್ಬಳನ್ನು ಹೊಟ್ಟೆನೋವೆಂದು ಕರೆತಂದಿದ್ದರು. ಅವ್ವ ಎರಡು ದಿನ ತಿಕ್ಕಿದಳು. ಮೂರನೆಯ ದಿನ ಹುಡುಗಿಗೆ ಜ್ವರ ಏರಿ ದವಾಖಾನೆಗೆ ಒಯ್ದರು. ಕರುಳಿನ ತುದಿ ಬಾತು ಒಡೆಯುವುದರಲ್ಲಿತ್ತು. ಕೊಯ್ದು ಹೊಲಿದು ಹೇಗೋ ಉಳಿಸಿದರು. ಆಮೇಲೆ ಅವ್ವ ಎಂಟು ದಿನ ಯಾರ ಹೊಟ್ಟೆಯನ್ನೂ ಮುಟ್ಟಲಿಲ್ಲ. ಮುಂದೆ ಯಾರೇ ಬಂದರೂ ಮೊದಲು ಹಣೆ ಮುಟ್ಟಿ ನೋಡುವಳು. ಬಿಸಿ ಇದ್ದರೆ, "ಇದು ನನ್ನ ಕೆಲಸ ಅಲ್ಲ, ದವಾಖಾನಿಗಿ ನಡೀರಿ," ಎಂದು ಬಾಗಿಲಿನಿಂದಲೇ ತಿರುಗಿಸುವಳು. ಅವಳು ಪಾಠ ಕಲಿತಳು. ನಾನು ಮಾತ್ರ ಆ ಹುಡುಗಿಯನ್ನು ಅವ್ವನ ವಿರುದ್ಧದ ಸಾಕ್ಷಿಯಾಗಿ ಜೋಪಾನ ಮಾಡಿಟ್ಟುಕೊಂಡೆ.

ತರಬೇತಿಯಲ್ಲಿ ಗೋಡೆಗೆ ಮನುಷ್ಯನ ದೊಡ್ಡ ಚಿತ್ರಪಟ ತೂಗುಹಾಕಿದ್ದರು. ಜಠರ, ಯಕೃತ್ತು, ಕರುಳು, ಗರ್ಭಕೋಶ. ಕೋಲು ಹಿಡಿದು ತೋರಿಸುತ್ತಿದ್ದ ನಮ್ಮ ಮೇಡಂ ಹೊಕ್ಕುಳು ಬರೀ ಗಾಯದ ಕಲೆ ಎಂದ ದಿನ ನಾನು ಮನೆಗೆ ಓಡುತ್ತಲೇ ಬಂದೆ.

"ಅವ್ವಾ, ಬಟ್ಟಿ ಅಂಬೂದು ಇಲ್ಲಬೇ. ಪುಸ್ತಕದಾಗ ಎಲ್ಲಾ ಚಿತ್ರ ಐತಿ, ಬಟ್ಟಿ ಒಂದು ಇಲ್ಲ."

ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಿನ್ನ ಪುಸ್ತಕದಾಗ ಅತ್ತಿ ಚಿತ್ರ ಐತೇನು?" ಎಂದು ಕೇಳಿದಳು.

ಹೊಟ್ಟೆನೋವಿಗೂ ಅತ್ತೆಗೂ ಏನು ಸಂಬಂಧ ಎಂದು ನನಗೆ ಅರ್ಥವಾಗಲಿಲ್ಲ. ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದಾಳೆ ಎಂದು ಉರಿದುಹೋಯಿತು. ಒಂದೇ ರೋಗಕ್ಕೆ ಒಬ್ಬಳಿಗೆ ಮೂರು ದಿನ, ಇನ್ನೊಬ್ಬಳಿಗೆ ಒಂಬತ್ತು ದಿನ ಯಾವ ಲೆಕ್ಕ ಎಂದು ಕೇಳಿದೆ. ಅದಕ್ಕೂ ಅವಳು, "ಮೈ ದಣದ್ರ ಮನಸಿಗಿ ಹೇಳತೈತಿ, ಮನಸು ದಣದ್ರ ಹೊಟ್ಟಿಗಿ ಹೇಳತೈತಿ. ಹೊಟ್ಟಿ ಯಾರಿಗಿ ಹೇಳಬೇಕು? ಅದಕ್ಕ ನನ್ನ ಹಂತೇಕ ಬರತಾರ," ಅಂದಳು. ಹಳ್ಳಿಯ ಹೆಂಗಸಿನ ಹಾರಿಕೆಯ ಮಾತು ಎಂದುಕೊಂಡೆ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನಾನು ಆಗ ಅರ್ಧ ಕೊಡ.

ಬಬಲೇಶ್ವರದ ಸೊಸೆ ಆ ವರ್ಷ ಮೂರನೆಯ ಸಲ ಬಂದಿದ್ದಳು. ತವರು ತಿಕೋಟಾ, ಕೊಟ್ಟದ್ದು ಬಬಲೇಶ್ವರದ ದೊಡ್ಡ ಒಕ್ಕಲುತನದ ಮನೆಗೆ. ನನಗಿಂತ ಒಂದೆರಡು ವರ್ಷ ಸಣ್ಣವಳಿರಬೇಕು. ಎರಡು ಸಲ ಬಸಿರು ನಿಂತು ಎರಡೂ ಸಲ ಮೂರನೆಯ ತಿಂಗಳಿಗೇ ಇಳಿದುಹೋಗಿತ್ತು. ಜೊತೆಗೆ ಬರುವವಳು ಅವಳ ಅತ್ತೆ, ಗಟ್ಟಿ ಮೈಕಟ್ಟಿನ, ಗಟ್ಟಿ ದನಿಯ ಹೆಂಗಸು. ಕೆಟ್ಟವಳು ಎಂದು ಹೇಳಲಾರೆ. ಸೊಸೆಯ ಉಡಿಯಲ್ಲಿ ಬಸ್ಸಿನ ದಾರಿಗೆಂದು ಶೇಂಗಾ ಕಟ್ಟಿರುತ್ತಿದ್ದಳು.

ನಾನು ದವಾಖಾನೆಯ ಪಾಳಿ ಮುಗಿಸಿ ಬಂದಾಗ ಅವ್ವ ಸೊಸೆಯ ಕಾಲಿಗೆ ದಾರ ಕಟ್ಟಿ ಮುಗಿಸಿದ್ದಳು. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದಳು.

"ಒಂಬತ್ತು ದಿನ," ಅವ್ವ ಹೇಳುತ್ತಿದ್ದಳು. "ತವರಿಗಿ ಕಳಿಸಿದ್ರ ಇನ್ನೂ ಚಲೋ."

"ಒಂಬತ್ತು ದಿನ ಅಂದ್ರ ಹೆಂಗ ಯವ್ವಾ? ಹೊಲದಾಗ ಕಳೆ ಕೀಳೂ ಕೆಲಸ ಬಂದೈತಿ. ಮನ್ಯಾಗ ನೀರು ತರಾವ್ರು ಯಾರು?" ಎಂದಳು ಅತ್ತೆ.

ಒಂದು ವಿಷಯ ನಾನು ಗಮನಿಸಬೇಕಿತ್ತು, ಗಮನಿಸಲಿಲ್ಲ. ಔಡಲೆಣ್ಣೆಯ ಬಟ್ಟಲು ಬಚ್ಚಲ ಗೂಡಿನಲ್ಲಿ ಇದ್ದಲ್ಲೇ ಇತ್ತು. ಹಣತೆ ಇರಲಿಲ್ಲ, ತಂಬಿಗೆ ಇರಲಿಲ್ಲ. ಅವ್ವ ಅವಳ ಹೊಟ್ಟೆ ತಿಕ್ಕಿಯೇ ಇರಲಿಲ್ಲ. ಮುಟ್ಟು ನಿಂತವಳ ಹೊಟ್ಟೆಯನ್ನು ಅವಳು ಎಂದೂ ತಿಕ್ಕುತ್ತಿರಲಿಲ್ಲ. ಸುಮ್ಮನೆ ಅಂಗೈ ಇಟ್ಟು, ದಾರ ಕಟ್ಟಿ, ದಿನ ಹೇಳಿದ್ದಳು.

ನನ್ನ ಮೈಮೇಲೆ ಬಿಳಿ ಸೀರೆ ಇತ್ತು, ತಲೆಯಲ್ಲಿ ಚಿತ್ರಪಟ ಇತ್ತು, ಇಟ್ಟಂಗಿಹಾಳದ ಹುಡುಗಿಯ ಸಾಕ್ಷಿ ಇತ್ತು. ನಾನು ಅತ್ತೆಯ ಕಡೆಗೆ ತಿರುಗಿ ಹೇಳಿದೆ. "ಬಟ್ಟಿ ಪಟ್ಟಿ ಎಲ್ಲಾ ಸುಳ್ಳರಿ. ಅಂಥಾದ್ದು ಏನೂ ಇರೂದಿಲ್ಲ. ನಿಮ್ಮ ಸೊಸಿಗಿ ರಕ್ತ ಕಡಿಮಿ ಐತಿ ಅಷ್ಟ. ಗುಳಿಗಿ ಕೊಡತೀನಿ, ನುಂಗಸ್ರಿ. ಸುಮ್ಮನ ಮಲಗಿಸಿದ್ರ ಇನ್ನೂ ಸುಸ್ತ ಆಗತಾಳ. ಅಡ್ಡ್ಯಾಡಬೇಕು, ಕೆಲಸಾ ಮಾಡಬೇಕು. ಮೈಗಿ ಚಲೋ."

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಚೀಲದಿಂದ ಬ್ಯಾಂಡೇಜು ಕತ್ತರಿಸುವ ಕತ್ತರಿ ತೆಗೆದು, ಕೆಳಗೆ ಕೂತು, ಎರಡೂ ಹೆಬ್ಬೆರಳಿನ ದಾರ ಕತ್ತರಿಸಿದೆ.

ಅವ್ವ ನನ್ನ ಕೈ ಹಿಡಿಯಲಿಲ್ಲ. ಅತ್ತೆಯ ಎದುರಿಗೆ ನನ್ನನ್ನು ಸುಳ್ಳಿ ಮಾಡಬೇಕೆಂದರೆ ಬಿದ್ದದ್ದು ಬಟ್ಟಿಯಲ್ಲ, ನಿಂತದ್ದು ಬಸಿರು ಎಂದು ಹೇಳಬೇಕು, ಆಗ ತಾನೂ ಸುಳ್ಳಿಯಾಗುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಅತ್ತೆಯ ಮುಖ ಅರಳಿತು. "ಕೇಳಿದೇನ ಬೇ? ದವಾಖಾನಿ ನರ್ಸಬಾಯಾರ ಹೇಳ್ಯಾರ. ಏಳು, ಬಸ್ಸಿನ ಹೊತ್ತಾತು." ಸೊಸೆ ಎದ್ದು ಕೂತು ತನ್ನ ಹೆಬ್ಬೆರಳುಗಳನ್ನು ನೋಡಿಕೊಂಡಳು. ಕತ್ತರಿಸಿದ ದಾರದ ತುಂಡುಗಳನ್ನು ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅತ್ತೆಯ ಹಿಂದೆ ಹೋದಳು.

ಆ ದಿನ ಅವ್ವ ನನ್ನೊಡನೆ ಮಾತಾಡಲಿಲ್ಲ. ಮರುದಿನವೂ ಇಲ್ಲ. ವಿಜ್ಞಾನ ಗೆದ್ದಿತೆಂದು ನಾನು ಒಳಗೊಳಗೇ ಹಿಗ್ಗಿದ್ದೆ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಇಪ್ಪತ್ತು ದಿನ ಕಳೆದಿರಬೇಕು. ಹೆಣ್ಣುಮಕ್ಕಳ ವಾರ್ಡಿನಲ್ಲಿ ನನ್ನ ಪಾಳಿ. ಬೆಳಿಗ್ಗೆ ಹತ್ತರ ಸುಮಾರಿಗೆ ಬಬಲೇಶ್ವರದಿಂದ ಒಬ್ಬಳನ್ನು ಜೀಪಿನಲ್ಲಿ ತಂದರು. ಸೀರೆಯ ಕೆಳಭಾಗವೆಲ್ಲ ರಕ್ತ. ಮುಖ ನೋಡಿದೆ, ಅದೇ ಸೊಸೆ. ಡಾಕ್ಟರು ತಮ್ಮ ಕೆಲಸ ಮಾಡಿದರು, ಅವಳು ಉಳಿದಳು. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ.

ಕೊಡ ಹೊತ್ತದ್ದಕ್ಕೇ ಅದು ಹೋಯಿತು ಎಂದು ನಾನು ಇವತ್ತಿಗೂ ಹೇಳಲಾರೆ. ಮಲಗಿದವರಿಗೂ ಹೋಗುತ್ತದೆ, ದುಡಿದವರಿಗೂ ನಿಲ್ಲುತ್ತದೆ. ಅವಳಿಗೆ ಮೊದಲೇ ಎರಡು ಹೋಗಿದ್ದವು. ಆದರೆ ಎರಡು ಹೋದವಳಿಗೆ, ಮೂರನೆಯದು ನಿಂತಿರುವಾಗ, ಅಡ್ಡಾಡು, ಕೆಲಸ ಮಾಡು ಎಂದು ಹೇಳಿದವಳು ನಾನು. ಮುಟ್ಟು ನಿಂತಿದೆಯೇ ಎಂಬ ಒಂದು ಪ್ರಶ್ನೆ ಕೇಳಲಿಲ್ಲ. ಓದು ಬಾರದ ಅವ್ವ ಕೇಳಿದ್ದಳು. ಓದಿದ ನಾನು ಕೇಳಲಿಲ್ಲ.

ಅತ್ತೆ ಹೊರಗಿನ ಕಟ್ಟೆಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಅವಳ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಬಾಯಾರ, ನೀವು ಹೇಳಿದಂಗ ಮಾಡೇವ್ರಿ. ಒಂದು ದಿನಾನೂ ಸುಮ್ಮನ ಕೂಡಿಸಿಲ್ಲ," ಎಂದಳು.

ಮಧ್ಯಾಹ್ನ ಸೊಸೆಗೆ ಎಚ್ಚರ ಪೂರಾ ಬಂದಿತ್ತು. ಹತ್ತಿರ ಹೋಗಿ ನಿಂತೆ. ನಾಡಿ ಹಿಡಿದೆ. ಅವಳೇ ಮಾತಾಡಿದಳು.

"ನಿಮ್ಮ ಗುಳಿಗಿ ನುಂಗೀನ್ರಿ ಅಕ್ಕಾರ. ಒಂದೂ ತಪ್ಪಿಸಿಲ್ಲ."

ನಾನು ತಪ್ಪಾಯಿತು ಎಂದೆ. ಮುಟ್ಟು ನಿಂತಿದೆ ಎಂದು ನೀನಾದರೂ ಹೇಳಬಾರದಿತ್ತೇ ಎಂದೂ ಕೇಳಿದೆ. ತಪ್ಪು ಮಾಡಿದವರು ಹೀಗೇ, ಒಂದು ಕೈಯಿಂದ ಕ್ಷಮೆ ಕೇಳುತ್ತ ಇನ್ನೊಂದು ಕೈಯಿಂದ ಗುಂಡಿ ತೋಡುತ್ತಾರೆ.

"ಹೇಳಿದ್ರ ಏನಾಗ್ತಿತ್ತರಿ? ಹಿಂದಿನ ಎರಡಕ್ಕೂ ಹೇಳಿದ್ದೆ. ಬಸಿರು ಅಂದ್ರ ರೋಗ ಏನು, ಎಲ್ಲಾರೂ ಹಡೀತಾರ ಅಂದ್ರು. ಬಟ್ಟಿ ಅಂದ್ರ ಕೇಳತಾರ." ಅವಳು ಹೊದಿಕೆ ಎದೆಯವರೆಗೆ ಎಳೆದುಕೊಂಡಳು. "ಬಟ್ಟಿ ಬಿದ್ದಿಲ್ಲ ಅಂತ ನನಗ ಗೊತ್ತಿತ್ತರಿ. ನಿಮ್ಮವ್ವಾರಿಗೂ ಗೊತ್ತಿತ್ತು. ಗೊತ್ತಿಲ್ಲದಾಕಿ ನಮ್ಮತ್ತಿ ಒಬ್ಬಾಕೀನ ಇದ್ಲು. ಆಕಿಗೂ ನೀವು ಹೇಳಿಬಿಟ್ರಿ."

ನಾಡಿ ಹಿಡಿದ ಕೈ ಹಾಗೆಯೇ ಇತ್ತು. ನಾನು ಎಣಿಕೆ ಮರೆತಿದ್ದೆ.

ಹೊರಗೆ ಹೋಗಿ ಅತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರಕ್ತ ಬಹಳ ಹೋಗಿದೆ, ಮೂರು ಸಲ ಹೀಗಾದವಳು, ಮೈಯೂ ಸೋತಿದೆ, ಮನಸ್ಸೂ ಸೋತಿದೆ, ಇಪ್ಪತ್ತು ದಿನವಾದರೂ ವಿಶ್ರಾಂತಿ ಬೇಕು. ಪುಸ್ತಕದಲ್ಲಿದ್ದ ಸತ್ಯವನ್ನೆಲ್ಲ ಹೇಳಿದೆ. ಅವಳು ಸಮಾಧಾನದಿಂದಲೇ ಕೇಳಿದಳು.

"ನಾವೂ ಹಡದೇವ್ರಿ, ಕಳಕೊಂಡೇವಿ. ಹದಿನೈದನೇ ದಿನಕ್ಕ ಹೊಲಕ್ಕ ಹೋಗೇವಿ. ನಮಗ ಯಾರು ವಿಶ್ರಾಂತಿ ಕೊಟ್ಟಿದ್ರು?"

ಅವಳು ಕೇಳಿದ್ದು ಖರೆ. ಅವಳಿಗೂ ಯಾರೂ ಕೊಟ್ಟಿರಲಿಲ್ಲ. ಕೊಡಬೇಕಾದವರು, ಆ ಮನೆಯ ಗಂಡಸರು, ಆಚೆ ಬೇವಿನ ಗಿಡದ ಕೆಳಗೆ ಜೀಪಿಗೆ ಒರಗಿ ಚಹಾ ಕುಡಿಯುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎಂದು ಸಾಲೆಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು. ಕೆಸರು ಯಾರ ಕೈಗೆ, ಮೊಸರು ಯಾರ ಬಾಯಿಗೆ ಎಂದು ಯಾವ ಮಾಸ್ತರರೂ ಹೇಳಿರಲಿಲ್ಲ. ನನ್ನ ಉಳಿದರ್ಧ ಸಿಟ್ಟು ಯಾರ ಮೇಲೆ ಎಂದು ಅಲ್ಲಿ, ಆ ಕಟ್ಟೆಯ ಹತ್ತಿರ ನನಗೆ ಗೊತ್ತಾಯಿತು.

ವಾರ್ಡಿಗೆ ಮರಳಿ ಬಂದು ಬ್ಯಾಂಡೇಜಿನ ಅಂಚು ಹರಿದು ಅವಳ ಕಾಲ ಹತ್ತಿರ ಕೂತೆ. ಅವಳು ಹೊದಿಕೆಯಿಂದ ಪಾದ ಹೊರಗೆ ಚಾಚಿದಳು. ಬಟ್ಟೆಯ ತುಂಡು ನೋಡಿ ತಲೆ ಅಲ್ಲಾಡಿಸಿದಳು.

"ಬಿಳೇದು ನಡಿಯಂಗಿಲ್ಲರಿ. ಕರೇದ ಬೇಕು. ಇಲ್ಲಂದ್ರ ಆಕಿ ನಂಬಂಗಿಲ್ಲ."

ನನ್ನ ತುರುಬಿಗೆ ಕರಿ ದಾರ ಸುತ್ತಿತ್ತು. ಬಿಚ್ಚಿದೆ. ಕೂದಲು ಬೆನ್ನ ಮೇಲೆ ಇಳಿಯಿತು. ಅವ್ವ ಕಟ್ಟುವ ಹಾಗೆಯೇ ಎರಡೂ ಹೆಬ್ಬೆರಳಿಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದೆ. ಎದುರಿನಿಂದ ಬಂದ ವಾರ್ಡಿನ ಹಿರಿಯ ಸಿಸ್ಟರು ನನ್ನ ತಲೆ ನೋಡಿ ಬೈದರು. ಬೈಸಿಕೊಂಡೆ. ಅತ್ತೆಯನ್ನು ಒಳಗೆ ಕರೆದೆ.

"ಬಟ್ಟಿ ಬಿದ್ದೈತಿ," ಎಂದೆ.

"ಅವತ್ತು ಇಲ್ಲ ಅಂದಿದ್ರಿ?"

"ಅವತ್ತು ಬಿದ್ದಿರಲಿಲ್ಲ. ಇವತ್ತು ಬಿದ್ದೈತಿ. ಇಪ್ಪತ್ತೊಂದು ದಿನ ದಾರ ಬಿಚ್ಚಬಾರದು. ಕೊಡ ಎತ್ತಿದ್ರ ಮುಂದ ಮಕ್ಕಳ ಆಗಂಗಿಲ್ಲ. ತಿಕೋಟಾಕ್ಕ ಕಳಸ್ರಿ, ತವರಾಗ ಇರಲಿ."

ಅವಳು ದಾರ ನೋಡಿದಳು, ನನ್ನ ಬಿಳಿ ಸೀರೆ ನೋಡಿದಳು. "ಆತ್ರಿ ಬಾಯಾರ," ಎಂದಳು. ಖರೆ ಹೇಳಿದಾಗ ನನ್ನೊಡನೆ ವಾದಿಸಿದವಳು ಸುಳ್ಳು ಹೇಳಿದ ಕೂಡಲೇ ಕೈ ಮುಗಿದಳು. ನಾನು ನರ್ಸ್ ಆಗಿ ಹೇಳಿದ ಮೊದಲ ಸುಳ್ಳು ಅದು. ಕೊನೆಯದಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ತುರುಬಿಗೆ ಕರಿ ದಾರ ಸುತ್ತುವುದನ್ನು ನಾನು ಬಿಡಲಿಲ್ಲ.

ನಾಲ್ಕನೆಯ ದಿನ ಅವಳನ್ನು ನಾನೇ ತಿಕೋಟಾದ ಬಸ್ಸಿಗೆ ಹತ್ತಿಸಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಚಪ್ಪಲಿ ಬಿಟ್ಟು ಕಾಲು ಮೇಲೆ ಮಡಚಿಕೊಂಡು ಕೂತಳು. ಬಸ್ಸು ಬಿಡುವ ಮುಂಚೆಯೇ ಅವಳಿಗೆ ನಿದ್ದೆ ಹತ್ತಿತ್ತು.

ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಡುನಡುವೆ ಅಳುತ್ತ ಆಗಿದ್ದೆಲ್ಲ ಹೇಳಿದೆ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ರೊಟ್ಟಿ ತಿರುವಿ ಹಾಕಿ, "ಎಷ್ಟು ದಿನ ಹೇಳಿದಿ?" ಎಂದು ಕೇಳಿದಳು.

"ಇಪ್ಪತ್ತೊಂದು."

"ಕಡಿಮಿ ಆತು. ಮೂರು ಹೋದಾಕಿಗಿ ನಲವತ್ತು ಹೇಳಬೇಕು."

ಅವಳ ಪಾದಗಳು ನನ್ನ ಎದುರಿಗೇ ಇದ್ದವು. ಹಿಮ್ಮಡಿ ಬಿರುಕು ಬಿಟ್ಟಿತ್ತು. ಹೆಬ್ಬೆರಳಿಗೆ ದಾರ ಕಟ್ಟಿದ ಗುರುತು ಒಂದೂ ಇರಲಿಲ್ಲ. ಬಬಲೇಶ್ವರದ ಅತ್ತೆ ಕೇಳಿದ್ದು ನೆನಪಾಯಿತು. "ನಿನಗ ಯಾರು ಕಟ್ಯಾರ ಬೇ?" ಎಂದೆ.

"ನಾ ಬಟ್ಟಿ ತಿಕ್ಕಾಕಿ. ತಿಕ್ಕಾಕಿ ಬಟ್ಟಿ ಬೀಳಂಗಿಲ್ಲ," ಎಂದಳು ಅವ್ವ.

ಅಷ್ಟರಲ್ಲಿ ನಳಕ್ಕೆ ನೀರು ಬಂತೆಂದು ಓಣಿಯಲ್ಲಿ ಕೂಗೆದ್ದಿತು. ಅವಳು ಹಿಟ್ಟಿನ ಕೈ ಒರೆಸಿಕೊಂಡು, ಎರಡು ಕೊಡ ತೆಗೆದುಕೊಂಡು ಹೊರಗೆ ಹೋದಳು. ನಾನು ಅಷ್ಟೆಲ್ಲ ತಿಳಿದುಕೊಂಡು ಬಂದವಳು, ಒಲೆಯ ಮುಂದೆ ಕೂತು, ಅವಳು ಬಡಿದಿಟ್ಟ ಬಿಸಿ ರೊಟ್ಟಿ ತಿಂದೆ.